ಮೋಟರ್ ಹಾಕಿದ ಕೈ

"ಆರ್ಸು," ಅಂದ ಅಶ್ವತ್ಥ. "ತಪ್ಪು ಮಾಡಿಲ್ಲ ಅಂದ್ರೆ ಕೈಯಿಂದ ಆರ್ಸು, ನೋಡನ."

ಪಟಾಲಮ್ಮನ ಗುಡಿಯ ಮುಂದೆ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಎದುರಿಗೆ ಅವನ ತಮ್ಮ ರೇಣುಕಯ್ಯ, ಪಕ್ಕದಲ್ಲಿ ತಮ್ಮನ ಹೆಂಡತಿ ಭುವನಾ. ಐ.ಡಿ.ಹಳ್ಳಿ ಕಡೆಯ ಈ ಊರಲ್ಲಿ ಸಾಕ್ಷಿಯಿಲ್ಲದ ಜಗಳಗಳು ಕೊನೆಗೆ ಬಂದು ನಿಲ್ಲುವುದು ಈ ತಟ್ಟೆಯ ಮುಂದೆ. ಕರ್ಪೂರ ಆರಿಸಿದವನು ಸುಳ್ಳು ಹೇಳಿದ್ದರೆ ದೇವಿ ನೋಡಿಕೊಳ್ಳುತ್ತಾಳೆ. ಊಟದ ಹೊತ್ತಾಗಿದ್ದರೂ ಒಬ್ಬರೂ ಮನೆಗೆ ಹೋಗಿರಲಿಲ್ಲ. ಅಣ್ಣತಮ್ಮಂದಿರ ಜಗಳವೆಂದರೆ ಹಸಿವು ಯಾರಿಗೆ?

ಅಶ್ವತ್ಥನ ಬಲಗೈಗೆ ಇನ್ನೂ ಬ್ಯಾಂಡೇಜಿತ್ತು. ಹೋದ ವಾರ ಮಧ್ಯಾಹ್ನ ಮೋಟರ್ ಆಫ್ ಇದೆಯೆಂಬ ಧೈರ್ಯದಲ್ಲಿ ಬೋರಿನ ಕೇಬಲ್ ಬಿಚ್ಚಿಕೊಂಡು ಕೂತಿದ್ದ. ಇದ್ದಕ್ಕಿದ್ದಂತೆ ಆನ್ ಆಯಿತು. ಕರೆಂಟು ಅವನನ್ನು ಎತ್ತಿ ಎಸೆಯಿತು. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಹೆಂಡತಿ ವೇದಾವತಿ ಓಡಿಬಂದು ಮೇನ್ ಆಫ್ ಮಾಡದಿದ್ದರೆ ಅವತ್ತೇ ಅವನ ಕಥೆ ಮುಗಿಯುತ್ತಿತ್ತು.

ತಾನಾಗಿ ಆನ್ ಆಗುವ ಮೋಟರಲ್ಲ ಅದು. ಸ್ಟಾರ್ಟರಿಗೆ ಮೊಬೈಲ್ ಪೆಟ್ಟಿಗೆ ಕೂರಿಸಿತ್ತು, ಅದರೊಳಗೊಂದು ಸಿಮ್. ಆ ನಂಬರಿಗೆ ಮಿಸ್ ಕಾಲ್ ಕೊಟ್ಟರೆ ಆನ್, ಮತ್ತೆ ಕೊಟ್ಟರೆ ಆಫ್. ಹೊಸ ಸಿಮ್ ಯಾಕೆಂದು ಅಶ್ವತ್ಥ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯದನ್ನೇ ಕೊಟ್ಟಿದ್ದ. ಪೆಟ್ಟಿಗೆ ಕೂರಿಸಿದ ಮಧುಗಿರಿಯ ಮೆಕ್ಯಾನಿಕ್ ಸುಹೇಲ್ ಮನೆಯಲ್ಲಿದ್ದ ಫೋನುಗಳ ನಂಬರನ್ನೆಲ್ಲ ಅದಕ್ಕೆ ಸೇರಿಸಿ, "ಇನ್ನು ಹೊರಗಿನೋರು ತಲೆಕೆಳಗಾಗಿ ನಿಂತ್ರೂ ಮೋಟರ್ ಅಲ್ಲಾಡಲ್ಲ ಅಣ್ಣ," ಎಂದು ಭರವಸೆ ಕೊಟ್ಟು ಹೋಗಿದ್ದ.

ಹಾಗಾದರೆ ಒಳಗಿನವರೇ. ವೇದಾವತಿ ಪಕ್ಕದಲ್ಲೇ ಇದ್ದಳು. ಉಳಿದದ್ದು ತಮ್ಮ. ಅಪ್ಪ ಚಿಕ್ಕನರಸಯ್ಯ ತೀರಿಕೊಂಡ ಮೇಲೆ ಹೊಲ ಭಾಗವಾಗಿತ್ತು, ಬೋರು ಮಾತ್ರ ಜಂಟಿಯಾಗಿ ಉಳಿದಿತ್ತು. ನೀರಿನ ಸರದಿಗೆ ಮಾತಿಗೆ ಮಾತು ಬೆಳೆದಿತ್ತು. ಮಟಮಟ ಮಧ್ಯಾಹ್ನ ಯಾರೂ ಹಾಕದ ಮೋಟರ್ ಓಡಿ ನೀರು ಹಾಳಾಗುವುದನ್ನು ನೋಡಿ ನೋಡಿ ಅಶ್ವತ್ಥನಿಗೆ ಸಾಕಾಗಿತ್ತು. ಇದಕ್ಕಿಂತ ಸಣ್ಣ ಸಂಶಯಕ್ಕೆ ಕೋರ್ಟು ಹತ್ತಿದವರಿದ್ದಾರೆ.

ಅವರ ತಾಯಿ ಕೊಲ್ಲಾಪುರಮ್ಮ ಗುಡಿಗೆ ಬಂದಿರಲಿಲ್ಲ. "ಒಡಹುಟ್ಟಿದೋನ ಕೈಲಿ ಪ್ರಮಾಣ ಮಾಡುಸ್ಬ್ಯಾಡ ಕಣ್ಲಾ," ಎಂದು ಬೆಳಗ್ಗೆಯೇ ಅತ್ತಿದ್ದಳು. ಅಶ್ವತ್ಥ ಕಿವಿಗೆ ಹಾಕಿಕೊಂಡಿರಲಿಲ್ಲ.

ರೇಣುಕಯ್ಯ ಅಣ್ಣನ ಮುಖ ನೋಡಿದ. "ನಿನ್ನ ಸಾಯ್ಸೋ ಅಷ್ಟು ಕೆಟ್ಟೋನಾ ನಾನು?"

"ಆರ್ಸು."

ರೇಣುಕಯ್ಯ ಅಂಗೈಯಿಂದ ಉರಿಯನ್ನು ಒತ್ತಿದ. ಆಮೇಲೆ ಭುವನಾಳನ್ನು ಕರೆದುಕೊಂಡು ಸೀದಾ ರಸ್ತೆಗೆ ನಡೆದ. ಅವಳ ತವರು ಪಾವಗಡದ ಕಡೆ. ಬಸ್ಸು ಆಗಲೇ ತಿರುವಿನಲ್ಲಿ ಕಾಣುತ್ತಿತ್ತು. ಅಶ್ವತ್ಥ ಎರಡು ಹೆಜ್ಜೆ ಮುಂದಿಟ್ಟ. ತಾನು ಎತ್ತಿ ಆಡಿಸಿದ ತಮ್ಮ. ಕರೆಯೋಣ ಅನ್ನಿಸಿತು, ಬಾಯಿ ತೆರೆದೂ ಇದ್ದ.

ಅಷ್ಟರಲ್ಲಿ ಗುಡಿಯ ಹಿಂದಿದ್ದ ಅವರ ಹೊಲದಲ್ಲಿ ನೀರು ತೊಟ್ಟಿಗೆ ಧುಮುಕುವ ಸದ್ದು ಕೇಳಿಸಿತು. ಮೋಟರ್ ಆನ್ ಆಗಿತ್ತು.

ರೇಣುಕಯ್ಯ ಬೆನ್ನು ಹಾಕಿ ನಡೆಯುತ್ತಿದ್ದ. ಅವನ ಕೈ ಎಲ್ಲಿತ್ತೋ ಯಾರಿಗೂ ಕಾಣಲಿಲ್ಲ.

"ಕೇಳುಸ್ತಾ? ದೇವ್ರ ಮುಂದೇನೇ ಸುಳ್ಳು ಹೇಳ್ಬುಟ್ಟ." ಅಶ್ವತ್ಥ ರಸ್ತೆಯ ಕಡೆ ತಿರುಗಿ ಕೂಗಿದ. "ಲೇ ರೇಣುಕಾ, ನಾನ್ ಸತ್ರೂ ನೀನು ಮಣ್ಣಿಗೆ ಬರ್ಬ್ಯಾಡ."

ರೇಣುಕಯ್ಯ ಒಮ್ಮೆ ತಿರುಗಿ ನೋಡಿದ. ಆಮೇಲೆ ಬಸ್ಸು ಹತ್ತಿದ.

ಗುಡಿಯಿಂದ ಕೂಗಳತೆಯಲ್ಲಿ ಮನೆ. ಕೊಲ್ಲಾಪುರಮ್ಮ ಮುದ್ದೆ ತೊಳಸಿಟ್ಟು ಬಾಗಿಲಲ್ಲೇ ಕೂತಿದ್ದಳು.

"ಹೊಂಟೋದ ಕಣಮ್ಮ. ಇನ್ನು ಅವನು ಈ ಮನೆಯೋನಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಡಿಲಲ್ಲಿದ್ದ ಸಣ್ಣ ಫೋನನ್ನು ಒತ್ತಿ ಕಿವಿಗಿಟ್ಟುಕೊಂಡಳು. ಒಂದು ಗಳಿಗೆ ಕೇಳಿಸಿಕೊಂಡು ಕಟ್ ಮಾಡಿದಳು. ಹೊಲದ ಕಡೆ ನೀರಿನ ಸದ್ದು ನಿಂತಿತು.

ಅಶ್ವತ್ಥ ನಿಂತಲ್ಲೇ ನಿಂತ. "ಯಾರಿಗಮ್ಮ ಫೋನು?"

"ಹೋದೋರು ಬರಲ್ಲ ಅಂತ ಗೊತ್ತು ಕಣಪ್ಪ. ಆದ್ರೂ ಹೊಲದಾಗಿದ್ದ ನಿಮ್ಮಪ್ಪನ್ನ ಉಣ್ಣಾಕೆ ಕರೀತಿದ್ದಂಗೇ ದಿನಾ ಒಂದು ಮಿಸ್ ಕಾಲ್ ಕೊಟ್ಬುಡ್ತೀನಿ, ಇವತ್ತು ಮನ್ಸು ತಡೀದೆ ಇನ್ನೊಂದ್ಸಲ ಕೊಟ್ಟೆ. ಆ ನಂಬರು ಇನ್ನೂ ರಿಂಗಾಯ್ತದೆ."