ಹನ್ನೊಂದು ವರ್ಷದ ಆಂಜಿನಪ್ಪ

"ಅಕ್ಕಾ, ಇದನ್ನ ಬಿಚ್ಚದೆ ಆಗಲ್ಲ," ಎಂದು ಮೊಳೆ ಜೋಡಿಸುವ ಸೊಣ್ಣಪ್ಪ, ದಾರ ಸುತ್ತಿದ್ದ ಅಚ್ಚುಮೊಳೆಗಳ ಪುಟ್ಟ ಚೌಕವನ್ನು ಗಂಗರತ್ನಮ್ಮನ ಮುಂದಿಟ್ಟ. ಮಾವಿನ ಮಂಡಿಯವರು ಮೊದಲ ಸಲ ಇಡೀ ಪುಟದ ಜಾಹೀರಾತು ಕೊಟ್ಟಿದ್ದರು. ಪ್ರೆಸ್ಸಿನಲ್ಲಿದ್ದ ಮೊಳೆಗಳು ಸಾಲುತ್ತಿರಲಿಲ್ಲ. "ಸಂಜೆಯೊಳಗೆ ಪುಟ ಕಟ್ಟದಿದ್ರೆ ನಾಳೆ ಸಂತೆಗೆ ಪೇಪರ್ ಇಲ್ಲ, ನೋಡಿ."

ಆ ಚೌಕದಲ್ಲಿದ್ದದ್ದು ನಾಲ್ಕೇ ಸಾಲು. 'ಆಂಜಿನಪ್ಪ, ವಯಸ್ಸು ಹನ್ನೊಂದು. ಎಡಹುಬ್ಬಿನ ಮೇಲೆ ಗಾಯದ ಗುರುತು. ರಂಗೂನಿನ ಹಡಗುಕಟ್ಟೆಯಲ್ಲಿ ತಪ್ಪಿಹೋದವನು. ಕಂಡವರು ಶ್ರೀನಿವಾಸಪುರದ ಸಂತೆಮಾತು ಕಚೇರಿಗೆ ತಿಳಿಸಿ.' ಎಪ್ಪತ್ತೆರಡನೇ ಇಸವಿಯಲ್ಲಿ 'ಸಂತೆಮಾತು' ಪತ್ರಿಕೆಯ ಮೊದಲ ಸಂಚಿಕೆಗೆ ಗಂಗರತ್ನಮ್ಮ ಅದನ್ನು ತಾನೇ ಜೋಡಿಸಿದ್ದಳು. ಒಂಬತ್ತು ವರ್ಷದಿಂದ ಆ ದಾರ ಬಿಚ್ಚಿರಲಿಲ್ಲ. ವಾರವಾರವೂ ಕೊನೆಯ ಪುಟದ ಮೂಲೆಯಲ್ಲಿ ಕೂತು ಕೂತು ಮೊಳೆಗಳ ಮೂತಿ ಸವೆದುಹೋಗಿತ್ತು.

ಅರವತ್ತೈದರಲ್ಲಿ, ಬರ್ಮಾ ಸರ್ಕಾರ ಭಾರತೀಯರನ್ನು ಹೊರಹಾಕಿದಾಗ, ಅಪ್ಪನ ಪ್ರೆಸ್ಸು, ಮನೆ ಎಲ್ಲವನ್ನೂ ಅಲ್ಲೇ ಬಿಟ್ಟು ಉಟ್ಟ ಸೀರೆಯಲ್ಲಿ ಹಡಗು ಹತ್ತಿದವಳು ಅವಳು. ಅಧಿಕಾರಿಗೆ ಕಾಗದ ತೋರಿಸಲು ತಮ್ಮನ ಕೈಯನ್ನು ಒಂದು ಗಳಿಗೆ ಬಿಟ್ಟಿದ್ದಳು, ಅಷ್ಟೇ. ತಾತನ ಊರಿನ ಕಡೆಯೆಂದು ಇಲ್ಲಿಗೆ ಬಂದು, ಬಸ್ ನಿಲ್ದಾಣದಲ್ಲಿ ಕಪ್ಪು ಹಲಗೆಯ ಮೇಲೆ ಮಂಡಿಯ ದರ ಬರೆದು ಬದುಕಿದಳು. "ರಂಗೂನಕ್ಕನ ಹಲಗೇಲಿ ಏನೈತೆ?" ಎಂದು ಕೇಳಿಯೇ ಜನ ಗಾಡಿ ಹೂಡುತ್ತಿದ್ದರು. ಆ ಹಲಗೆಯೇ ಒಂದು ದಿನ ಪತ್ರಿಕೆಯಾಯಿತು.

"ಇರು," ಎಂದು ಗಂಗರತ್ನಮ್ಮ ದಾರದ ಗಂಟನ್ನು ತಾನೇ ಬಿಚ್ಚಿದಳು. ಸೊಣ್ಣಪ್ಪ ಬೇರೆ ಕಡೆ ನೋಡಿದ.

ಪತ್ರಿಕೆ ಹೊರಟ ನಾಲ್ಕನೆಯ ದಿನ ರಾಯಲ್ಪಾಡಿನ ಅಕ್ಕಯಮ್ಮ ಕಂಕುಳಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಬಸ್ಸಿಳಿದು ನೇರ ಪ್ರೆಸ್ಸಿಗೆ ಬಂದಳು.

"ಏನೇ ರಂಗೂನಕ್ಕಾ, ಬಾಯೇ ಬಿಡಲಿಲ್ಲ ನೋಡು! ಎಲ್ಲಿ ನಿನ್ನ ತಮ್ಮುಡು?"

"ಯಾವ ತಮ್ಮ, ಅಕ್ಕಯಮ್ಮ?"

"ನಾಟಕ ಆಡ್ಬೇಡ ಕಣೇ. ವಾರವಾರ ನಮ್ಮ ಮೊಮ್ಮಗಳು ಮೊದಲು ಓದೋದೇ ಅವನ ಸುದ್ದಿ. ಟೊಮೇಟೊ ದರ ಆಮೇಲೆ. ಈ ವಾರ ಹುಡುಕಿದ್ರೂ ಇಲ್ಲ. 'ಸಿಕ್ಕಿರ್ತಾನೆ ಅಜ್ಜಿ, ಅದಕ್ಕೇ ತೆಗೆದವ್ರೆ' ಅಂದ್ಲು. ಬೀದಿಯೋರೆಲ್ಲ ಸೇರಿ ಅಂಗಿ ಹೊಲಿಸಿದೀವಿ. ಮೊದಲ ಸಲ ಬರೋ ಮಗೂನ ಬರಿಗೈಲಿ ನೋಡಕ್ಕಾಗುತ್ತಾ?"

ಪೊಟ್ಟಣದೊಳಗೆ ನೀಲಿ ಚೌಕಳಿಯ ಅರ್ಧ ತೋಳಿನ ಅಂಗಿಯಿತ್ತು. "ದರ್ಜಿ ಮುನಿಕೃಷ್ಣಪ್ಪನಿಗೆ ಹನ್ನೊಂದು ವರ್ಷ ಅಂತ ಹೇಳಿದ್ದೆ. ಬೆಳೆಯೋ ಹುಡುಗ ಅಂತ ಕೆಳಗೆ ಮಡಿಕೇಲಿ ಎರಡು ಬೆರಳು ಬಟ್ಟೆ ಬಿಟ್ಟವ್ನೆ, ನೋಡು."

ಗಂಗರತ್ನಮ್ಮ ಅಂಗಿಯನ್ನು ಮಡಿಲಲ್ಲಿ ಹರವಿಕೊಂಡಳು. ಅದರ ತೋಳು ಅವಳ ಅಂಗೈಗಿಂತ ತುಸುವೇ ಅಗಲವಿತ್ತು. "ಸಿಗಲಿಲ್ಲ ಅಕ್ಕಯಮ್ಮ. ಮೊಳೆ ಸಾಲದೆ ನಾನೇ ಬಿಚ್ಚಿಬಿಟ್ಟೆ."

ಅಕ್ಕಯಮ್ಮ ಹೊಸ್ತಿಲ ಮೇಲೆ ಕೂತಳು. "ಬಿಚ್ಚಿದ್ರೆ ಬಿಚ್ಚಿದೆ, ಮತ್ತೆ ಕಟ್ಟು," ಎಂದಳು. "ನಾವೆಲ್ಲ ಕಾಯ್ತಾ ಇಲ್ವಾ?"

ಗಂಗರತ್ನಮ್ಮ ಅಂಗಿಯನ್ನು ಪಕ್ಕಕ್ಕಿಟ್ಟು ಎದ್ದು ಮೊಳೆಯ ಪೆಟ್ಟಿಗೆಯ ಮುಂದೆ ನಿಂತಳು. ತಮ್ಮನ ಹೆಸರು ಜೋಡಿಸಿದಳು. 'ವಯಸ್ಸು' ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಕಟ್ಟಿದ್ದ ದಾರದೊಳಗೆ ಅವನು ಇಷ್ಟು ದಿನ ಹನ್ನೊಂದರಲ್ಲೇ ಇದ್ದ. ಅವಳು ತುಟಿಯೊಳಗೇ ಹಡಗುಕಟ್ಟೆಯಿಂದ ಈಚಿನ ಹದಿನಾರು ವರ್ಷವನ್ನು ಕೂಡಿದಳು.

"ಈಗ ಇಪ್ಪತ್ತೇಳು," ಎಂದಳು.

ಹೊಸ್ತಿಲ ಮೇಲೆ ಕೂತಿದ್ದ ಅಕ್ಕಯಮ್ಮ ಅಂಗಿಯನ್ನು ಎಳೆದುಕೊಂಡು, ಕೆಳಗಿನ ಮಡಿಕೆಯನ್ನು ಹೊರಳಿಸಿ, ಆ ಎರಡು ಬೆರಳು ಬಟ್ಟೆಯನ್ನು ಮತ್ತೆ ಮತ್ತೆ ಅಳೆಯತೊಡಗಿದಳು.