ಸಾಕ್ಷಿ ಚೀಲ

ಗಾಜಿನ ಕಪಾಟಿನಲ್ಲಿದ್ದ ಮೂರು ಅದಿರು ಕಲ್ಲುಗಳು ಕಾಣೆಯಾಗಿದ್ದವು. ಧೂಳಿನಲ್ಲಿ ಮೂರು ಬೋಳು ಗುರುತುಗಳು ಮಾತ್ರ ಉಳಿದಿದ್ದವು. ಶಿಬಿರದ ಕಚೇರಿಯಲ್ಲಿದ್ದವರೆಲ್ಲ ಒಮ್ಮೆಲೇ, ಕಲ್ಲಿನ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಪೆಟ್ಟಿಗೆಯಕ್ಕನ ಕಡೆ ತಿರುಗಿದರು.

ತಿರುಗದೆ ಏನು? ಹನ್ನೆರಡು ವರ್ಷದ ಹಿಂದೆ ಇದೇ ಕಪಾಟಿನ ಕಲ್ಲು ಕದ್ದ ಅಪವಾದ ಹೊತ್ತವನು ಅವಳ ಅಪ್ಪ. ಅದಿರು ಹುಡುಕುವ ಸರ್ವೆಯವರಿಗೆ ಬೆಟ್ಟದ ದಾರಿ ತೋರಿಸುವುದು ಅವನ ಕೆಲಸ. ಒಂದು ದಿನ ಮೇಲಿನ ಇಳಿಜಾರಿನಿಂದ ಕಂಚಿನ ಹೊಳಪಿನ ಭಾರದ ಕಲ್ಲು ತಂದು ಶಿಬಿರದ ಮುಖ್ಯಸ್ಥನ ಮುಂದಿಟ್ಟಿದ್ದ.

"ನಿಕಲ್, ತಾಮ್ರ ಎರಡೂ ಇದೆ ಸಾರ್. ಕರಗಿದ ಕಲ್ಲಲ್ಲಿ ಇವು ತಳಕ್ಕೆ ಇಳಿಯತ್ತೆ ಅಂತ ನೀವೇ ಹೇಳಿದ್ರಲ್ಲ? ಈ ಬೆಟ್ಟ ಮಗುಚಿ ಬಿದ್ದಿದೆ. ತಳ ಈಗ ಮೇಲಿದೆ."

ಶಾಲೆಯ ಮೆಟ್ಟಿಲು ಹತ್ತದವನು ತನಗೆ ಪಾಠ ಹೇಳುವುದೇ? ಮುಖ್ಯಸ್ಥನಿಗೆ ಮೈಯೆಲ್ಲ ಉರಿಯಿತು. ಇವು ನನ್ನ ಕಪಾಟಿನ ಕಲ್ಲು, ಕದ್ದು ಅಲ್ಲಿ ಹಾಕಿದ್ದಾನೆ ಎಂದುಬಿಟ್ಟ. ಊರು ನಂಬಿತು. ಅಪ್ಪ ಮತ್ತೆ ಬೀದಿಗಿಳಿಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಎರಡು ವರ್ಷದಲ್ಲಿ ಹೋಗಿಯೇಬಿಟ್ಟ. ಮಗಳು ಅದೇ ಮುಖ್ಯಸ್ಥನ ಕೈಕೆಳಗೆ ಕೆಲಸಕ್ಕೆ ಸೇರಿದಳು. ಹೊಟ್ಟೆಪಾಡು ಎಂದರು ಜನ. ಹೊಟ್ಟೆಯೊಳಗಿನ ಕೆಂಡ ಯಾರಿಗೂ ಕಾಣಲಿಲ್ಲ.

"ಯಾರು ತಗೊಂಡ್ರೋ ಹೋಗ್ಲಿ ಬಿಡಿ, ಕಲ್ಲು ತಾನೆ" ಎಂದು ಮುಖ್ಯಸ್ಥ ಈಗ ಕೈ ಝಾಡಿಸಿದ. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ತಲೆದೂಗಿದರು. ಪೆಟ್ಟಿಗೆಯಕ್ಕ ಮಾತ್ರ ತೂಗಲಿಲ್ಲ.

ಅವಳ ಕೆಲಸ ಇಷ್ಟು. ರಿಗ್ಗು ಬೆಟ್ಟ ಕೊರೆದು ತೆಗೆದ ಕಲ್ಲಿನ ದಿಂಡುಗಳನ್ನು ನೀರು ಬಿಟ್ಟುಕೊಂಡು ಗರಗಸದಲ್ಲಿ ಉದ್ದಕ್ಕೆ ಸೀಳಬೇಕು. ಅರ್ಧ ಪುಡಿಯಾಗಿ ಚೀಲ ಸೇರಿ ಪ್ರಯೋಗಾಲಯಕ್ಕೆ. ಇನ್ನರ್ಧ ಪುರಾವೆಗೆಂದು ಮರಳಿ ಪೆಟ್ಟಿಗೆಗೆ. ಇಪ್ಪತ್ತು ಚೀಲಕ್ಕೊಂದು, ಪಟ್ಟಿಯಲ್ಲಿ ನಂಬರು ಗುರುತಿಟ್ಟ 'ಸಾಕ್ಷಿ ಚೀಲ'. ಅದರಲ್ಲಿರುವುದು ರಸ್ತೆಗೆ ಹಾಕುವ ಜಲ್ಲಿಯ ಪುಡಿ. ನೋಡಲು ಬೆಟ್ಟದ ಕಲ್ಲಿನಷ್ಟೇ ಕಪ್ಪು. ಅದರಲ್ಲಿ ನಿಕಲ್ ಬಂತೆಂದರೆ ಎಲ್ಲೋ ಯಾರೋ ಸುಳ್ಳು ಹೇಳುತ್ತಿದ್ದಾರೆಂದೇ ಅರ್ಥ.

ಮುಖ್ಯಸ್ಥ ಕೊರೆಸಿದ್ದೆಲ್ಲ ಕೆಳಗಿನ ಇಳಿಜಾರಿನಲ್ಲಿ. ಮೇಲೆ ಕೊರೆಸಿದರೆ ಸತ್ತವನ ಮಾತು ಒಪ್ಪಿದಂತಾಗುತ್ತಿತ್ತು. ನಾಲ್ಕು ಬಾವಿ ಖಾಲಿ ಬಂದಿದ್ದವು. ಐದನೆಯದೂ ಹಾಗಾದರೆ ಕಂಪನಿಯ ಮಾಲೀಕರು ಅವನನ್ನೇ ಮನೆಗೆ ಕಳಿಸುವವರಿದ್ದರು.

"ಈ ಸಲ ನಲವತ್ತು ಚೀಲಕ್ಕೂ ಬಾಯಿ ಕಟ್ಟಬೇಡ" ಎಂದ ಅವಳಿಗೆ. "ನನ್ನ ರೂಮಿಗೆ ಕಳ್ಸು. ಸೀಲ್ ನಾನೇ ಹಾಕ್ತೀನಿ. ನಿಮ್ಮ ವಂಶನ ನಂಬೋಕಾಗಲ್ಲ."

"ಹಾಗೇ ಆಗ್ಲಿ ಸಾರ್. ಎಲ್ಲ ನಿಮ್ಮ ಕೈಯಿಂದ್ಲೇ ಆಗ್ಲಿ."

ಎರಡು ದಿನ ಶೆಡ್ಡಿನಲ್ಲಿ ಕಲ್ಲು ಪುಡಿ ಮಾಡುವ ಯಂತ್ರ ಗರಗರ ಎಂದಿತು. ಮುಖ್ಯಸ್ಥ ಆ ಕಡೆ ತಲೆ ಹಾಕಲಿಲ್ಲ. ಧೂಳು ಅವನಿಗೆ ಆಗಿಬರದು. ಗೋಣಿ ಮುಚ್ಚಿದ ಬುಟ್ಟಿ ಹೊತ್ತು ಅವಳು ಹಿತ್ತಲಿನಿಂದ ಬರುವುದನ್ನು ಕಾವಲುಗಾರ ಕಂಡ.

"ಅದ್ರಲ್ಲೇನಕ್ಕಾ, ಅಷ್ಟು ಭಾರ?"

"ಅಪ್ಪಂಗೆ ಸಲ್ಲಬೇಕಾದ್ದು ಅಣ್ಣ."

ಕದ್ದ ಕಲ್ಲು ಇಲ್ಲೇ ಇದೆ, ಇವಳೇನೋ ಎಡವಟ್ಟು ಮಾಡುತ್ತಾಳೆ ಎಂದುಕೊಂಡ ಕಾವಲುಗಾರ. ಆದರೂ ಅವಳ ಅಪ್ಪನ ಜೊತೆ ಬೀಡಿ ಸೇದಿದ್ದವನು, ಬಾಯಿ ಬಿಡಲಿಲ್ಲ. ಸಂಜೆ ಅವಳ ಒಣಗಿದ ಏಪ್ರನ್ ನೋಡಿ, "ದಿನಾ ಗರಗಸದ ನೀರಲ್ಲಿ ನೆನೀತಿದ್ದೆ, ಇವತ್ತು ಸ್ನಾನ ತಪ್ಪಿತಾ?" ಎಂದು ನಕ್ಕ. ಅವಳೂ ನಕ್ಕಳು.

ಚೀಲಗಳು ಒಂದಿಡೀ ದಿನ ಬಾಗಿಲು ಮುಚ್ಚಿದ ಮುಖ್ಯಸ್ಥನ ರೂಮಿನಲ್ಲಿದ್ದು, ಅವನ ಸೀಲು ಹೊತ್ತು ಲಾರಿ ಹತ್ತಿದವು.

ಮೂರು ವಾರಕ್ಕೆ ಫಲಿತಾಂಶ ಬಂತು. ಎರಡು ಸಾಕ್ಷಿ ಚೀಲಗಳಲ್ಲಿ ಸೊನ್ನೆ. ಉಳಿದ ಮೂವತ್ತೆಂಟರಲ್ಲೂ ನಿಕಲ್, ತಾಮ್ರ. ಶಿಬಿರ ಕುಣಿಯಿತು. ಪೆಟ್ಟಿಗೆಯಕ್ಕನ ಕಣ್ಣಲ್ಲಿ ನೀರು ತುಂಬಿತು. ಹೊಟ್ಟೆಕಿಚ್ಚು ಎಂದುಕೊಂಡರು ಕೆಲವರು.

"ನಿಮ್ಮಪ್ಪ ಇದ್ದಿದ್ರೆ ನೋಡಿ ಕಲೀತಿದ್ದ" ಎಂದ ಮುಖ್ಯಸ್ಥ.

"ಅಪ್ಪಂಗೆ ಇಷ್ಟೆಲ್ಲ ಬರ್ತಿರ್ಲಿಲ್ಲ ಸಾರ್."

ಹಣ ಸುರಿಯುವ ಮುಂಚೆ ಮಾಲೀಕರು ಒಬ್ಬ ತಜ್ಞೆಯನ್ನು ಕಳಿಸಿದರು. ದಪ್ಪ ಕನ್ನಡಕದ, ಮಿತಭಾಷಿ ಹೆಂಗಸು. ಮುಖ್ಯಸ್ಥ ತಾನು ಬರೆದುಕೊಟ್ಟ ಪತ್ರವನ್ನು ತಾನೇ ಓದಿದ: "ಪ್ರತಿ ದಿಂಡನ್ನೂ ನನ್ನ ಕಣ್ಣೆದುರೇ ಸೀಳಿಸಿ, ಪ್ರತಿ ಚೀಲಕ್ಕೂ ನಾನೇ ಸೀಲು ಹಾಕಿದ್ದೇನೆ. ಮಧ್ಯೆ ಬೇರೆ ಯಾರ ಕೈಯೂ ಸೋಕಿಲ್ಲ." ಕೆಳಗೆ ಅಂಗೈಯಗಲದ ಸಹಿ.

"ಸೀಳಿದ ಇನ್ನರ್ಧ ತೋರಿಸಿ" ಎಂದರು ತಜ್ಞೆ.

ಪೆಟ್ಟಿಗೆಯಕ್ಕ ಶೆಡ್ಡಿನ ಬೀಗ ತೆಗೆದಳು. ಒಂದೊಂದೇ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ದಿಂಡುಗಳು ರಿಗ್ಗಿನಿಂದ ಇಳಿದಾಗ ಹೇಗಿದ್ದವೋ ಹಾಗೇ ಇದ್ದವು. ದುಂಡಗೆ, ಇಡಿಯಾಗಿ. ಗರಗಸದ ಒಂದು ಗೀರೂ ಇರಲಿಲ್ಲ. ತಜ್ಞೆ ಒಂದು ದಿಂಡು ಎತ್ತಿ ತಿರುಗಿಸಿ ನೋಡಿದರು.

"ಒಂದನ್ನೂ ಸೀಳೇ ಇಲ್ವಲ್ಲಮ್ಮ! ಮತ್ತೆ ಚೀಲಕ್ಕೆ ಏನು ತುಂಬಿದ್ರಿ?"

"ಜಲ್ಲಿ ಮೇಡಂ. ನಲವತ್ತೂ ಸಾಕ್ಷಿ ಚೀಲಗಳೇ."