ಅತ್ತೆಯ ಅನುಮಾನ

“ಯಾರಿಗಾದರೂ ಅನುಮಾನ ಇದೆಯಾ?” ಎಂದು ಪತ್ರಿಕೋದ್ಯಮದ ಅಧ್ಯಾಪಕಿ ಲ್ಯಾಪ್‌ಟಾಪನ್ನು ಮತ್ತೊಮ್ಮೆ ಕೇಳಿದರು. ಆನ್‌ಲೈನ್ ತರಗತಿಗೆ ಕ್ಯಾಮೆರಾ ಆರಿಸಿ ಕೂತ ವಿದ್ಯಾರ್ಥಿಗಳ ಕಪ್ಪು ಚೌಕಗಳಲ್ಲಿ ಒಂದೂ ಮಿಸುಕಲಿಲ್ಲ. ಪಾಠ ಮಕ್ಕಳಿಗೆ ತಲುಪುತ್ತಿದೆಯೋ, ತಾವು ಗೋಡೆಗೆ ಹೇಳುತ್ತಿದ್ದೇವೋ ತಿಳಿಯದೆ ಈ ಸೆಮಿಸ್ಟರ್ ಪೂರ್ತಿ ಅವರು ಒಳಗೊಳಗೇ ಸೊರಗಿದ್ದರು. ಕಾಲೇಜಿನಲ್ಲಾದರೆ ಒಂದು ಹುಬ್ಬು ಗಂಟಿಕ್ಕಿದರೂ ತಾವು ಎಲ್ಲಿ ಎಡವಿದೆವೆಂದು ಗೊತ್ತಾಗುತ್ತಿತ್ತು.

“ನನಗಿದೆ ಕಣಮ್ಮ,” ಎಂದಿತು ಹಿಂದಿನಿಂದ ಒಂದು ದನಿ. ಸೊಸೆಯ ಪಾಠದ ಹೊತ್ತಿನಲ್ಲಿ ಕೆಮ್ಮನ್ನೂ ನುಂಗಿಕೊಂಡು ಮಂಚದ ಮೇಲೆ ಬಟ್ಟೆ ಮಡಿಸುವ ಅತ್ತೆ, ದಿಂಬಿನ ಕವರ್ ಹಿಡಿದೇ ಕ್ಯಾಮೆರಾದೆದುರು ಬಂದು ನಿಂತರು. “ಒಂದೇ ಸುದ್ದಿ ಐದು ಚಾನೆಲ್‌ನಲ್ಲಿ ಬಂದ್ರೂ ಆಧಾರ ಒಂದೇ ಇರಬಹುದು ಅಂದ್ಯಲ್ಲ, ಅದು ಹೇಗೆ? ಐದು ಜನ ಹೇಳಿದ್ರೆ ನಿಜಾನೇ ಅಂತ ನಾನು ಇಷ್ಟು ವರ್ಷ ನಂಬ್ಕೊಂಡು ಬಂದಿದೀನಿ. ದಡ್ಡಿ ಅಂತ ನಗಬೇಡ, ಬಿಡಿಸಿ ಹೇಳು.”

ಮೈಕ್ ಆರಿಸಲು ಅಧ್ಯಾಪಕಿಯ ಕೈ ಮುಂದೆ ಹೋಗುವಷ್ಟರಲ್ಲಿ ಒಂದು ಚೌಕ ಬೆಳಗಿತು. “ನಾನೂ ಹಾಗೇ ಅಂದ್ಕೊಂಡಿದ್ದೆ ಮೇಡಂ, ಕೇಳೋಕೆ ನಾಚಿಕೆ ಆಯ್ತು,” ಎಂದಳು ತಲೆಗೂದಲು ಕೆದರಿದ ಹುಡುಗಿ. “ನಂಗೂ ಅರ್ಥ ಆಗಿಲ್ಲ. ಅಜ್ಜಿಗೆ ಥ್ಯಾಂಕ್ಸ್ ಹೇಳಿ,” ಎಂದ ಇನ್ನೊಬ್ಬ. ಆಮೇಲೆ ಮತ್ತೊಂದು ಮುಖ, ಮಗದೊಂದು.

“ಅಯ್ಯೋ, ಇವರೆಲ್ಲ ಇಲ್ಲೇ ಇದ್ರಾ!” ಎಂದು ಅತ್ತೆ ನಾಚಿ ಹಿಂದೆ ಸರಿದರು. ಗೊತ್ತಿಲ್ಲವೆಂದು ಹೀಗೆ ಮುಚ್ಚುಮರೆಯಿಲ್ಲದೆ ಹೇಳುವ ವಿದ್ಯಾರ್ಥಿ ಅಧ್ಯಾಪಕಿಗೆ ಇದುವರೆಗೆ ಸಿಕ್ಕಿರಲಿಲ್ಲ. ಅವರು ಅತ್ತೆಯ ಕೈ ಹಿಡಿದು ತಮ್ಮ ಕುರ್ಚಿಯಲ್ಲೇ ಕೂರಿಸಿ, ತಾವು ಎದ್ದು ನಿಂತರು. “ಆ ಐದು ಜನಕ್ಕೂ ಹೇಳಿದವನು ಒಬ್ಬನೇ ಆಗಿದ್ರೆ, ಅತ್ತೆ?”